ಬಚ್ಚಲೊಲೆಯ ಬಿಸಿಯಿಂದ ಕರೆಂಟು: ಲೆಕ್ಕದಷ್ಟು ಬಾರದಿದ್ದರೆ ಎಲ್ಲಿ ಹುಡುಕಬೇಕು

ದೂರು ಹೆಚ್ಚುಕಡಿಮೆ ಯಾವಾಗಲೂ ಒಂದೇ ಬಗೆಯದು. ಮೀಟರ್ ಹಿಡಿದರೆ ಹತ್ತೋ ಹನ್ನೆರಡೋ ವೋಲ್ಟ್ ತೋರಿಸುತ್ತದೆ, ಬಲ್ಬು ಹಾಕಿದರೆ ಮಿಣುಕುತ್ತದೆ, ಮೊಬೈಲ್ ಸಿಕ್ಕಿಸಿದರೆ ಏನೂ ಇಲ್ಲ. ಕೂಡಲೇ ಎಲ್ಲರ ಕೈ ವೈರಿನ ಕಡೆಗೆ, ಬೆಸುಗೆಯ ಕಡೆಗೆ, ಕೊನೆಗೆ ಹೊಸ ಕನ್ವರ್ಟರ್ (ಬಂದ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಬದಲಿಸುವ ಬೋರ್ಡು) ಕೊಳ್ಳುವ ಕಡೆಗೆ ಹೋಗುತ್ತದೆ. ಹೆಚ್ಚಿನ ಸಲ ದೋಷ ಅಲ್ಲಿರುವುದಿಲ್ಲ. ನೀರಿನ ಪೈಪಿನಲ್ಲೋ ಬೋಲ್ಟಿನ ಬಿಗಿಯಲ್ಲೋ ಇರುತ್ತದೆ. ಕಡಿಮೆ ಉಷ್ಣತೆಯ ಮೂಲದಿಂದ ವಿದ್ಯುತ್ ತೆಗೆಯುವಾಗ ಒಂದೊಂದು ಡಿಗ್ರಿಯೂ ದುಡ್ಡಿದ್ದ ಹಾಗೆ. ಅದು ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ವೈರು ಬದಲಿಸಿ ಫಲವಿಲ್ಲ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಮಲೆನಾಡಿನ ಮನೆಗಳಿಗೆ ಹೊಂದುವ ಒಂದು ಜೋಡಣೆ. ಮಳೆಗಾಲದಲ್ಲಿ ಸೋಲಾರ್ ಹಲಗೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಲೈನು ಯಾವ ಮರದಡಿ ಬಿದ್ದಿದೆಯೋ ಗೊತ್ತಿರುವುದಿಲ್ಲ. ಆದರೆ ಬಚ್ಚಲೊಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಕಟ್ಟಿಗೆ ಬೀಳುತ್ತಲೇ ಇರುತ್ತವೆ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಣ್ಣನೆಯ ನೀರು ಪಂಪಿಲ್ಲದೆ ತಾನಾಗಿ ಇಳಿಯುತ್ತದೆ. ಒಂದು ಕಡೆ ಬಿಸಿನೀರು, ಇನ್ನೊಂದು ಕಡೆ ತಣ್ಣೀರು, ನಡುವೆ ಪೆಲ್ಟಿಯರ್ ಮಾಡ್ಯೂಲುಗಳು (ಒಂದು ಮುಖ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ವಿದ್ಯುತ್ ಹುಟ್ಟಿಸುವ ಚಪ್ಪಟೆ ಬಿಲ್ಲೆಗಳು), ಇಷ್ಟೇ ಯಂತ್ರ. ತಿರುಗುವ ಭಾಗ ಒಂದೂ ಇಲ್ಲ.

ವಿವರ ಹೀಗಿದೆ. ಒಲೆಗೆ ಕೂರಿಸಿದ ಬಾಯ್ಲರಿನಿಂದ ಒಂದು ಪೈಪು ಹೊರಟು, ನೀರು ಹರಿಯುವ ಟೊಳ್ಳು ಲೋಹದ ಬ್ಲಾಕಿನ ಮೂಲಕ ಹಾದು ಮತ್ತೆ ಬಾಯ್ಲರಿನ ತಳಕ್ಕೆ ಸೇರುತ್ತದೆ. ಅಂಥದ್ದೇ ಇನ್ನೊಂದು ಬ್ಲಾಕಿನಲ್ಲಿ ಅಬ್ಬಿ ನೀರು ಹರಿಯುತ್ತದೆ. ಎರಡರ ನಡುವೆ 40 ಮಿಲಿಮೀಟರ್ ಚೌಕದ 12706 ಮಾದರಿಯ ಆರು ಮಾಡ್ಯೂಲುಗಳು ಸರಣಿಯಲ್ಲಿ ಇವೆ. ಆ ಸಂಖ್ಯೆಯಲ್ಲೇ ಅದರ ಜಾತಕವಿದೆ: 127 ಎಂದರೆ ಒಳಗಿರುವ ಅರೆವಾಹಕ ಜೋಡಿಗಳು, 06 ಎಂದರೆ ತಂಪು ಮಾಡಲು ಬಳಸಿದಾಗ ಅದು ಹೊರುವ ಆಂಪಿಯರ್. ಬಿಸ್ಮತ್ ಟೆಲ್ಲುರೈಡಿನ ಒಂದು ಜೋಡಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.4 ಮಿಲಿವೋಲ್ಟ್ ಕೊಡುತ್ತದೆ. ಹಾಗಾಗಿ 127 ಜೋಡಿಗಳ ಒಂದು ಮಾಡ್ಯೂಲು ಡಿಗ್ರಿಗೆ ಸುಮಾರು 0.05 ವೋಲ್ಟ್ ಕೊಡುತ್ತದೆ. ಮುಂದಿನ ಎಲ್ಲ ಪತ್ತೇದಾರಿಯೂ ಈ 0.05ರ ಮೇಲೆಯೇ ನಿಂತಿದೆ.

ಮೊದಲು, ದೋಷ ನಿಜವಾಗಿ ಇದೆಯೇ?

ಬಿಸಿನೀರು 75 ಡಿಗ್ರಿ, ಅಬ್ಬಿ ನೀರು 22 ಡಿಗ್ರಿ ಎಂದುಕೊಳ್ಳಿ. ವ್ಯತ್ಯಾಸ 53. ಅದರಲ್ಲಿ ಮಾಡ್ಯೂಲಿನ ಎರಡು ಮುಖಗಳ ನಡುವೆ 40 ಡಿಗ್ರಿ ಉಳಿದರೆ ಜೋಡಣೆ ಚೆನ್ನಾಗಿದೆ ಎಂದೇ ಅರ್ಥ. ಉಳಿದ 13 ಡಿಗ್ರಿ ಬ್ಲಾಕಿನ ಗೋಡೆಗಳಲ್ಲಿ, ಬ್ಲಾಕಿಗೂ ಮಾಡ್ಯೂಲಿಗೂ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟಿನಲ್ಲಿ ಕಳೆದುಹೋಗುತ್ತದೆ. ಆರು ಮಾಡ್ಯೂಲಿಗೆ 40 ಡಿಗ್ರಿಯಲ್ಲಿ 12 ವೋಲ್ಟ್. ಒಂದೊಂದರ ಒಳರೋಧ (ಮಾಡ್ಯೂಲೇ ಪ್ರವಾಹಕ್ಕೆ ಒಡ್ಡುವ ತಡೆ) ಈ ಉಷ್ಣತೆಯಲ್ಲಿ 2.2 ಓಮ್ ಆಸುಪಾಸು ಇರುತ್ತದೆ, ಆರಕ್ಕೆ 13 ಓಮ್. ಲೋಡಿನ, ಎಂದರೆ ಜೋಡಿಸಿದ ಸಾಧನದ, ರೋಧವೂ ಇದಕ್ಕೆ ಸಮನಾದಾಗ ಅತಿ ಹೆಚ್ಚು ಶಕ್ತಿ ಸಿಗುತ್ತದೆ: 6 ವೋಲ್ಟ್, 0.45 ಆಂಪಿಯರ್, ಎಂದರೆ 2.7 ವಾಟ್. ಲೋಡು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಇದು 2.3ರ ಸುತ್ತ ನಿಲ್ಲುತ್ತದೆ, ಕಾರಣ ಮುಂದೆ ಹೇಳುತ್ತೇನೆ. ಒಲೆ ನಾಲ್ಕು ಗಂಟೆ ಉರಿದರೆ ಕನ್ವರ್ಟರಿನ ನಷ್ಟ ಕಳೆದು ಬ್ಯಾಟರಿಗೆ ಸೇರುವುದು 8 ವಾಟ್-ಅವರ್‌ಗೆ ಸ್ವಲ್ಪ ಕಡಿಮೆ. ಒಂದು ವಾಟಿನ ಎಲ್‌ಇಡಿ ದೀಪ ಸಂಜೆಯೆಲ್ಲ ಉರಿಯಲು ಧಾರಾಳ. 5000 ಮಿಲಿಆಂಪ್-ಅವರ್‌ನ ಮೊಬೈಲ್ ಬ್ಯಾಟರಿಯಲ್ಲಿ ಸುಮಾರು 19 ವಾಟ್-ಅವರ್ ಹಿಡಿಸುವುದರಿಂದ ಅದಕ್ಕೆ ಅರ್ಧವೂ ತುಂಬದು. ನಿಮ್ಮ ಯಂತ್ರ ಇಷ್ಟು ಕೊಡುತ್ತಿದ್ದರೆ ಅದಕ್ಕೆ ರೋಗವಿಲ್ಲ, ನಿಮ್ಮ ನಿರೀಕ್ಷೆಗೆ ಇದೆ.

ಆ ನಿರೀಕ್ಷೆ ಹುಟ್ಟುವುದು ಮಾರಾಟಗಾರರ ಪಟ್ಟಿಯಿಂದ. ಎಸ್‌ಪಿ1848-27145 ಎಂಬ ಮಾಡ್ಯೂಲಿನ ಜೊತೆ ಎಲ್ಲ ಕಡೆ ಕಾಣುವ ಪಟ್ಟಿಯಲ್ಲಿ 100 ಡಿಗ್ರಿ ವ್ಯತ್ಯಾಸಕ್ಕೆ 4.8 ವೋಲ್ಟ್, 669 ಮಿಲಿಆಂಪಿಯರ್ ಎಂದು ಬರೆದಿರುತ್ತದೆ. ಎರಡನ್ನೂ ಗುಣಿಸಿ 3.2 ವಾಟ್ ಎಂದು ಹಿಗ್ಗುತ್ತೇವೆ. ಆದರೆ 4.8 ವೋಲ್ಟ್ ಸಿಗುವುದು ಏನನ್ನೂ ಜೋಡಿಸದಿದ್ದಾಗ, 669 ಮಿಲಿಆಂಪಿಯರ್ ಸಿಗುವುದು ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ. ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಗುಣಿಸಿದ್ದರ ಕಾಲು ಭಾಗ, ಅಂದರೆ 0.8 ವಾಟ್, ಸಿಗಬಹುದಾದ ಗರಿಷ್ಠ. ಅದೂ ನೂರು ಡಿಗ್ರಿ ವ್ಯತ್ಯಾಸದಲ್ಲಿ. ಬಚ್ಚಲುಮನೆಯಲ್ಲಿ ಅಷ್ಟು ವ್ಯತ್ಯಾಸ ಎಲ್ಲಿಂದ ಬರಬೇಕು?

75 ಮತ್ತು 22 ಡಿಗ್ರಿಗಳ ನಡುವೆ ಕೆಲಸ ಮಾಡುವ ಯಾವ ಯಂತ್ರವೂ ಹರಿಯುವ ಶಾಖದ ಶೇಕಡ 15ಕ್ಕಿಂತ ಹೆಚ್ಚನ್ನು ವಿದ್ಯುತ್ತಾಗಿ ಮಾಡಲಾರದು, ಅದು ನಿಸರ್ಗದ ಕಟ್ಟಳೆ. ಮಾಡ್ಯೂಲು ಮಾಡುವುದು ಅದರ ಹತ್ತನೇ ಒಂದು ಭಾಗದಷ್ಟು. ಅಲಾಸ್ಕಾದ ಚೇನಾ ಬಿಸಿನೀರ ಬುಗ್ಗೆಯಲ್ಲಿ 2006ರಿಂದ ಸುಮಾರು 74 ಡಿಗ್ರಿಯ ನೀರಿನಿಂದಲೇ ವಿದ್ಯುತ್ ತೆಗೆಯುತ್ತಿದ್ದಾರೆ, ನಮ್ಮ ಬಾಯ್ಲರಿನಷ್ಟೇ ಬಿಸಿ. ಆದರೆ ಅಲ್ಲಿ ಬೇಗ ಕುದಿಯುವ ಶೀತಕ ದ್ರವವನ್ನು ಆವಿಯಾಗಿಸಿ ಟರ್ಬೈನ್ ತಿರುಗಿಸುತ್ತಾರೆ, ಭೂಮಿಯಿಂದ ಬಿಸಿನೀರು ಹೊಳೆಯಂತೆ ಬರುತ್ತದೆ. ನೂರಾರು ಕಿಲೋವಾಟಿನ ಆ ಲೆಕ್ಕವೇ ಬೇರೆ.

ಎರಡು ಓದುಗಳು

ಬೇಕಾದ ಸಾಮಾನು ಒಂದು ಮಲ್ಟಿಮೀಟರ್, 15 ಓಮ್ 10 ವಾಟಿನ ಒಂದು ಸಿಮೆಂಟ್ ರೆಸಿಸ್ಟರ್, ಎರಡು ಮೊಸಳೆ ಕ್ಲಿಪ್. ಕನ್ವರ್ಟರನ್ನು ಕಳಚಿ ಪಕ್ಕಕ್ಕಿಡಿ.

ಒಲೆ ಹಚ್ಚಿ ನೀರು ಬಿಸಿಯಾಗಿ, ಎರಡೂ ಪೈಪುಗಳಲ್ಲಿ ಹರಿವು ಒಂದು ಹದಕ್ಕೆ ಬಂದ ಮೇಲೆ ಏನನ್ನೂ ಜೋಡಿಸದೆ ವೋಲ್ಟೇಜ್ ಓದಿ. ಇದನ್ನು ಖಾಲಿ ವೋಲ್ಟೇಜ್ ಎನ್ನೋಣ. ಇದನ್ನು ಆರರಿಂದ ಭಾಗಿಸಿ, ಬಂದದ್ದನ್ನು 0.05ರಿಂದ ಭಾಗಿಸಿ. ಮಾಡ್ಯೂಲಿನ ಮುಖಗಳ ನಡುವಿನ ನಿಜವಾದ ಉಷ್ಣತೆಯ ವ್ಯತ್ಯಾಸ ಸಿಕ್ಕಿತು. ಮಾಡ್ಯೂಲೇ ಇಲ್ಲಿ ಥರ್ಮಾಮೀಟರ್, ಬೇರೆ ಥರ್ಮಾಮೀಟರನ್ನು ತೂರಿಸಲಾಗದ ಜಾಗದ ಉಷ್ಣತೆಯನ್ನೂ ಅದು ಹೇಳುತ್ತದೆ. ಈಗೀಗ ಎಲ್ಲರ ಕೈಯಲ್ಲಿರುವ ಇನ್‌ಫ್ರಾರೆಡ್ ಗನ್ನನ್ನು ನಂಬಬೇಡಿ. ಹೊಳೆಯುವ ಲೋಹದ ಮೇಲೆ ಅದು ಲೋಹದ ಉಷ್ಣತೆಯನ್ನು ಹೇಳುವ ಬದಲು ಅದರಲ್ಲಿ ಪ್ರತಿಫಲಿಸುವ ಗೋಡೆಯ ಉಷ್ಣತೆಯನ್ನು ಹೇಳುತ್ತದೆ. ಬಳಸಲೇಬೇಕೆಂದರೆ ಬ್ಲಾಕಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡೊಂದನ್ನು ಅಂಟಿಸಿ, ಅದರ ಮೇಲೆ ಗುರಿ ಇಡಿ.

ಎರಡನೆಯ ಓದಿಗೆ ರೆಸಿಸ್ಟರನ್ನು ತುದಿಗಳಿಗೆ ಸಿಕ್ಕಿಸಿ, ಒಂದೆರಡು ಸೆಕೆಂಡಿನೊಳಗೆ ವೋಲ್ಟೇಜ್ ಓದಿ. ಖಾಲಿ ವೋಲ್ಟೇಜಿನಲ್ಲಿ ಇದನ್ನು ಕಳೆದು, ಉಳಿದದ್ದನ್ನು 15ರಿಂದ ಗುಣಿಸಿ, ಲೋಡಿನ ವೋಲ್ಟೇಜಿನಿಂದ ಭಾಗಿಸಿದರೆ ಒಳರೋಧ. 12 ವೋಲ್ಟ್ ಇದ್ದದ್ದು 6.4ಕ್ಕೆ ಇಳಿದರೆ 5.6ನ್ನು 15ರಿಂದ ಗುಣಿಸಿ 6.4ರಿಂದ ಭಾಗಿಸಿ: 13.1 ಓಮ್. ಆರೋಗ್ಯವಂತ ಯಂತ್ರ.

ಒಳರೋಧವನ್ನು ಮೀಟರಿನ ಓಮ್ ಸ್ಥಾನದಲ್ಲಿಟ್ಟು ನೇರವಾಗಿ ಅಳೆಯಲು ಹೋಗಬೇಡಿ. ಮಾಡ್ಯೂಲು ತಣ್ಣಗಾದಂತೆ ಕಂಡರೂ ಒಂದು ಡಿಗ್ರಿ ವ್ಯತ್ಯಾಸ ಉಳಿದಿದ್ದರೆ ಸಾಕು, ಆರರ ಸರಣಿಯಲ್ಲಿ 0.3 ವೋಲ್ಟ್ ಹುಟ್ಟಿ ಮೀಟರಿನ ಲೆಕ್ಕವನ್ನೇ ಕೆಡಿಸುತ್ತದೆ. ಕಡ್ಡಿಗಳನ್ನು ಅದಲುಬದಲು ಮಾಡಿದರೆ ಸೊನ್ನೆಗಿಂತ ಕಡಿಮೆ ರೋಧವೂ ಕಾಣಿಸಬಹುದು. ಅದನ್ನು ನೋಡಿ ಮಾಡ್ಯೂಲು ಕೆಟ್ಟಿದೆಯೆಂದು ಎಸೆಯುವವರಿದ್ದಾರೆ.

ಈ ಎರಡು ಓದುಗಳು ದೋಷವನ್ನು ಎರಡು ಹೋಳು ಮಾಡುತ್ತವೆ. ಖಾಲಿ ವೋಲ್ಟೇಜ್ ಕಡಿಮೆ ಇದ್ದರೆ ಶಾಖದ ದೋಷ. ಅದು ಸರಿಯಿದ್ದು ಒಳರೋಧ ಹೆಚ್ಚಿದ್ದರೆ ವಿದ್ಯುತ್ತಿನ ದೋಷ. ಎರಡೂ ಸರಿಯಿದ್ದರೆ ಯಂತ್ರದ ಮೇಲೆ ಗೂಬೆ ಕೂರಿಸದೆ ಕನ್ವರ್ಟರಿನತ್ತ ತಿರುಗಿ.

ಖಾಲಿ ವೋಲ್ಟೇಜ್ ಕಡಿಮೆ ಇದ್ದರೆ

ಒಂದೊಂದು ಮಾಡ್ಯೂಲಿನ ತುದಿಗಳಲ್ಲೂ ಬೇರೆಬೇರೆಯಾಗಿ ವೋಲ್ಟೇಜ್ ಓದಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆರೂ ಒಂದೇ ಸಮನಾಗಿ ಕುಸಿದಿದ್ದರೆ ನೀರನ್ನು ನೋಡಬೇಕು. ಒಂದೋ ಎರಡೋ ಮಾತ್ರ ಕುಸಿದಿದ್ದರೆ ಆ ಜಾಗದ ಪೇಸ್ಟನ್ನು, ಬಿಗಿಯನ್ನು ನೋಡಬೇಕು.

ಬಿಡಿಯಾಗಿ ಎಲ್ಲವೂ 2 ವೋಲ್ಟ್ ತೋರಿಸಿ ಒಟ್ಟು ಮಾತ್ರ 8 ಬಂದರೆ ಅದು ಶಾಖದ ವಿಷಯವೇ ಅಲ್ಲ. ಒಂದು ಮಾಡ್ಯೂಲು ತಿರುಗುಮುರುಗಾಗಿ ಕುಳಿತಿದೆ ಅಥವಾ ಅದರ ಕೆಂಪು-ಕಪ್ಪು ವೈರು ಅದಲುಬದಲಾಗಿದೆ. ತನ್ನ ಪಾಲಿನ ಎರಡನ್ನು ಕೊಡದಿರುವುದಲ್ಲದೆ ಪಕ್ಕದವನ ಎರಡನ್ನೂ ಅದು ನುಂಗುತ್ತದೆ. ಸರಿಯಾಗಿ ಮೂರನೇ ಎರಡು ಭಾಗ ಎಂಬ ಅಂಕಿ ಕಂಡಾಗಲೆಲ್ಲ ಮೊದಲು ಇದನ್ನೇ ಶಂಕಿಸಿ.

ನೀರಿನ ವಿಷಯಕ್ಕೆ ಬರೋಣ. ಬಿಸಿ ಪೈಪಿನಲ್ಲಿ ಪಂಪಿಲ್ಲ. ಬಿಸಿನೀರು ಹಗುರ, ತಣಿದ ನೀರು ಭಾರ ಎಂಬ ಕಾರಣಕ್ಕಷ್ಟೇ ಅದು ಸುತ್ತುತ್ತದೆ, ಆ ತಳ್ಳು ಬಹಳ ಬಡಪಾಯಿ. ಬಾಯ್ಲರಿನಿಂದ ಬ್ಲಾಕಿಗೆ ಹೋಗುವ ಪೈಪನ್ನೂ ಬ್ಲಾಕಿನಿಂದ ಹೊರಬರುವ ಪೈಪನ್ನೂ ಒಂದೊಂದು ಕೈಯಲ್ಲಿ ಮುಟ್ಟಿ ನೋಡಿ, ಬಿಸಿ ತಡೆಯದಿದ್ದರೆ ಬಟ್ಟೆ ಸುತ್ತಿಕೊಳ್ಳಿ. ಹೊರಬರುವುದು ಒಳಹೋಗುವುದಕ್ಕಿಂತ ಸ್ವಲ್ಪ ಮಾತ್ರ ತಣ್ಣಗಿದ್ದರೆ ನೀರು ಸುತ್ತುತ್ತಿದೆ. ಒಂದು ಸುಡುತ್ತಿದ್ದು ಇನ್ನೊಂದು ಉಗುರುಬೆಚ್ಚಗಿದ್ದರೆ ನೀರು ನಿಂತಿದೆ. ಕಾರಣ ಮೂರರಲ್ಲಿ ಒಂದು ಇರುತ್ತದೆ. ಪೈಪು ಎಲ್ಲೋ ಗೂನು ಬೆನ್ನಿನಂತೆ ಮೇಲೆದ್ದು, ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಪೈಪು ಮೇಲಕ್ಕೆ ಹೋಗುವಾಗ ಮೇಲಕ್ಕೇ, ಇಳಿಯುವಾಗ ಇಳಿಜಾರಾಗಿಯೇ ಹೋಗಬೇಕು, ನಡುವೆ ಏರಿಳಿತ ಕೂಡದು. ಅಥವಾ ಬ್ಲಾಕನ್ನು ತೀರ ಕೆಳಗೆ, ನೆಲದ ಮಟ್ಟದಲ್ಲಿ ಕಟ್ಟಲಾಗಿದೆ. ಬಾಯ್ಲರಿನ ತಳಕ್ಕಿಂತ ಕೆಳಗೆ ತಣಿದ ನೀರಿಗೆ ಇಳಿಯಲು ಜಾಗವೇ ಇಲ್ಲ, ಅದು ಅಲ್ಲೇ ಕೊಳದಂತೆ ನಿಲ್ಲುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗೆ, ಆದರೆ ಸಾಧ್ಯವಾದಷ್ಟು ಎತ್ತರದಲ್ಲಿ ಬ್ಲಾಕು ಇರಬೇಕು.

ಮೂರನೆಯದು ಮನೆಯವರ ಸ್ನಾನ. ಎರಡು ಬಕೆಟ್ ತೋಡಿದ ಮೇಲೆ ಬಾಯ್ಲರಿನ ನೀರಿನ ಮಟ್ಟ ಪೈಪು ಹೊರಡುವ ಮೇಲಿನ ತೂತಿಗಿಂತ ಕೆಳಗಿಳಿಯುತ್ತದೆ, ಅಲ್ಲಿಗೆ ಸುತ್ತುವುದು ನಿಂತಿತು. ತುಂಬಿಸಿದರೆ ತಣ್ಣೀರು ಬೆರೆತು ಅರ್ಧ ಗಂಟೆ ವೋಲ್ಟೇಜ್ ತಗ್ಗುತ್ತದೆ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಯಂತ್ರ ಕೆಡುತ್ತದೆ, ಒಂಬತ್ತಕ್ಕೆ ತಾನೇ ಸರಿಯಾಗುತ್ತದೆ ಎಂಬ ದೂರಿಗೆ ಮಲ್ಟಿಮೀಟರ್ ಬೇಕಾಗಿಲ್ಲ.

ತಣ್ಣನೆಯ ಕಡೆ ಪರೀಕ್ಷೆ ಸುಲಭ. ಆರು ಮಾಡ್ಯೂಲುಗಳ ಮೂಲಕ ಹಾಯುವ ಶಾಖ ಸುಮಾರು 160 ವಾಟ್. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ ಅದು ಎರಡೂವರೆ ಡಿಗ್ರಿಯಷ್ಟು ಮಾತ್ರ ಬಿಸಿಯಾಗುತ್ತದೆ, ಅಷ್ಟು ಹರಿವು ಸಾಕು. ಹೊರಬರುವ ನೀರಿಗೆ ಒಂದು ಲೀಟರಿನ ಚೊಂಬು ಹಿಡಿದು ಗಡಿಯಾರ ನೋಡಿ. ಮೂರು ನಿಮಿಷ ಹಿಡಿಯಿತೆಂದರೆ ಎಲೆಚೂರೋ ಮರಳೋ ಕಟ್ಟಿಕೊಂಡಿದೆ. ಜೋರು ಮಳೆಯಾದ ಮರುದಿನ ಅಬ್ಬಿ ನೀರು ಕೆಂಪಗೆ ಬರುವಾಗ ಇದು ಖಾತ್ರಿ. ಪೈಪಿನ ಬಾಯಿಗೆ ಕಟ್ಟಿದ ಬಲೆಯ ಬಟ್ಟೆಯನ್ನು ತೊಳೆದು, ಬ್ಲಾಕಿಗೆ ನೀರನ್ನು ಹಿಂದುಮುಂದಾಗಿ ಹರಿಸಿ.

ಹರಿಯುವ ನೀರಿನ ಬದಲು ಬಕೆಟ್ಟಿನಲ್ಲಿ ನಿಂತ ನೀರಿಟ್ಟು ತಂಪು ಮಾಡುವವರದು ಬೇರೆಯದೇ ದೂರು: ಮೊದಲ ಹತ್ತು ನಿಮಿಷ ಭರ್ಜರಿ, ಆಮೇಲೆ ಇಳಿತ. 20 ಲೀಟರ್ ನೀರು 160 ವಾಟಿಗೆ ಗಂಟೆಗೆ ಸುಮಾರು 7 ಡಿಗ್ರಿ ಏರುತ್ತದೆ. ಮೂರು ಗಂಟೆಯಲ್ಲಿ ವ್ಯತ್ಯಾಸದ ದೊಡ್ಡ ಪಾಲು ಕರಗಿತು. ಗಾಳಿಯಿಂದ ತಂಪು ಮಾಡಲು ಫ್ಯಾನ್ ಹಾಕಿದರೆ ಇನ್ನೂ ತಮಾಷೆ. 12 ವೋಲ್ಟ್, 0.1 ಆಂಪಿಯರಿನ ಸಣ್ಣ ಫ್ಯಾನೇ 1.2 ವಾಟ್ ತಿನ್ನುತ್ತದೆ, ಹುಟ್ಟಿದ್ದರ ಅರ್ಧ ಅದರ ಹೊಟ್ಟೆಗೇ ಹೋಯಿತು.

ಪೇಸ್ಟು ಮತ್ತು ಬಿಗಿ

ನೀರು ಸರಿಯಿದ್ದೂ ವ್ಯತ್ಯಾಸ ಬಾರದಿದ್ದರೆ ಬಿಚ್ಚಲೇಬೇಕು. ಆದರೆ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ, ಇದರಿಂದ ಕೆಲಸ ಉಳಿಯಬಹುದು.

15 ಓಮಿನ ರೆಸಿಸ್ಟರನ್ನು ಹತ್ತು ನಿಮಿಷ ಹಾಗೆಯೇ ಜೋಡಿಸಿಟ್ಟಿರಿ. ಆಮೇಲೆ ಮೀಟರಿನ ಮೇಲೆ ಕಣ್ಣಿಟ್ಟು ಕ್ಲಿಪ್ಪನ್ನು ಫಕ್ಕನೆ ಕಳಚಿ. ಅಂಕಿ ಆರರ ಸುತ್ತ ಇದ್ದದ್ದು ಚಂಗನೆ ಹನ್ನೊಂದಕ್ಕೆ ಹಾರುತ್ತದೆ, ಅಲ್ಲಿಂದ ಮುಂದೆ ಹಾರುವುದಿಲ್ಲ, ತೆವಳುತ್ತದೆ: 11.1, 11.3, 11.6, ಹೀಗೆ ಸ್ವಲ್ಪ ಹೊತ್ತಿನಲ್ಲಿ 12 ಮುಟ್ಟುತ್ತದೆ. ಹಾರಿದ್ದು ಒಳರೋಧದ ಪಾಲು. ತೆವಳಿದ್ದು ಶಾಖದ ಪಾಲು. ಪ್ರವಾಹ ಹರಿಯುವಾಗ ಮಾಡ್ಯೂಲು ಬಿಸಿ ಮುಖದಿಂದ ತಂಪು ಮುಖಕ್ಕೆ ತಾನೇ ಹೆಚ್ಚುವರಿ ಶಾಖ ಸಾಗಿಸುತ್ತದೆ. 1834ರಲ್ಲಿ ಪೆಲ್ಟಿಯರ್ ಕಂಡದ್ದು ಇದನ್ನೇ. ಅದರಿಂದ ಮುಖಗಳ ನಡುವಿನ ವ್ಯತ್ಯಾಸ ಸ್ವಲ್ಪ ಕುಗ್ಗುತ್ತದೆ, 2.7 ವಾಟ್ ಬರಬೇಕಾದದ್ದು 2.3ಕ್ಕೆ ನಿಲ್ಲುವುದೂ ಇದರಿಂದಲೇ. ತೆವಳುವ ಭಾಗ ಒಟ್ಟು ವೋಲ್ಟೇಜಿನ ಹತ್ತನೇ ಒಂದರೊಳಗಿದ್ದರೆ ಪೇಸ್ಟು, ಬ್ಲಾಕು, ಬಿಗಿ ಎಲ್ಲ ಚೆನ್ನಾಗಿವೆ. ಐದನೇ ಒಂದಕ್ಕೆ ಹತ್ತಿರವಾಗಿದ್ದರೆ ನೀರಿನಿಂದ ಮಾಡ್ಯೂಲಿನವರೆಗಿನ ದಾರಿಯಲ್ಲಿ ಶಾಖಕ್ಕೆ ದೊಡ್ಡ ಅಡ್ಡಿಯಿದೆ, ಆಗ ಬಿಚ್ಚಿ.

ಬಿಚ್ಚಿದಾಗ ಪೇಸ್ಟಿನ ಗುರುತನ್ನು ಒರೆಸುವ ಮೊದಲು ಚೆನ್ನಾಗಿ ನೋಡಿ. ಬಿಗಿ ಸರಿಯಿದ್ದ ಕಡೆ ಪೇಸ್ಟು ತೆಳ್ಳಗೆ ಹರಡಿ, ಕೆಳಗಿನ ಬಿಳಿ ಸೆರಾಮಿಕ್ ಮಸುಕಾಗಿ ಕಾಣುತ್ತದೆ. ನಡುವೆ ದಪ್ಪನೆಯ ದಿಂಡು ಉಳಿದಿದ್ದರೆ ಬ್ಲಾಕು ಬಾಗಿದೆ ಅಥವಾ ಮೇಲ್ಮೈ ಸಮವಾಗಿಲ್ಲ. ಒಂದು ಮೂಲೆಯಲ್ಲಿ ಮಾತ್ರ ದಪ್ಪವಿದ್ದರೆ ಬೋಲ್ಟುಗಳನ್ನು ಸರದಿ ತಪ್ಪಿಸಿ ಬಿಗಿ ಮಾಡಲಾಗಿದೆ. ಪೇಸ್ಟು ಇರುವುದು ಲೋಹದ ಕಣ್ಣಿಗೆ ಕಾಣದ ತಗ್ಗುಗಳನ್ನು ತುಂಬಲು. ಹೆಚ್ಚು ಹಚ್ಚಿದಷ್ಟೂ ಒಳ್ಳೆಯದೆಂದು ಗೋಡೆಗೆ ಗಿಲಾವು ಬಳಿದಂತೆ ಬಳಿದರೆ ಶಾಖಕ್ಕೆ ಅದೇ ಗೋಡೆ. ಬಾಗಿದ ಬ್ಲಾಕನ್ನು ಗಾಜಿನ ಹಲಗೆಯ ಮೇಲೆ 400 ನಂಬರಿನ ಮರಳುಕಾಗದ ಹಾಸಿ ಎಂಟರ ಆಕಾರದಲ್ಲಿ ಉಜ್ಜಿ. ಗೆರೆಗಳು ಮೇಲ್ಮೈಯ ತುಂಬ ಸಮನಾಗಿ ಬಂದರೆ ಸಾಕು.

ಗಟ್ಟಿ ಲೋಹದ ಹಲಗೆಗಳ ನಡುವೆ ಈ ಮಾಡ್ಯೂಲುಗಳಿಗೆ ಒಂದು ಮೆಗಾಪ್ಯಾಸ್ಕಲ್ ಆಸುಪಾಸಿನ ಒತ್ತಡ ಬೇಕೆನ್ನುತ್ತಾರೆ. 40 ಮಿಲಿಮೀಟರ್ ಚೌಕಕ್ಕೆ ಅದು 160 ಕಿಲೋ ಭಾರ, ಇಬ್ಬರು ದಪ್ಪನೆಯ ಆಳುಗಳು ಒಂದು ಬಿಸ್ಕತ್ತಿನಷ್ಟು ಜಾಗದ ಮೇಲೆ ನಿಂತಂತೆ. ತೆಳುಗೋಡೆಯ ಟೊಳ್ಳು ಬ್ಲಾಕು ಅಷ್ಟಕ್ಕೆ ಕುಸಿಯಬಹುದು, ಅದಕ್ಕೆ ಅರ್ಧ ಸಾಕು. ಬ್ಲಾಕಿನ ಹೊರಗೆ ಅಡ್ಡಪಟ್ಟಿ ಕೊಟ್ಟು ಎರಡೂ ಬದಿಯ ಬೋಲ್ಟುಗಳನ್ನು ಕಾಲು ಸುತ್ತು ಇದಕ್ಕೆ, ಕಾಲು ಸುತ್ತು ಅದಕ್ಕೆ ಎಂದು ಬಿಗಿ ಮಾಡಿ. ಬೋಲ್ಟಿನ ತಲೆಯ ಕೆಳಗೆ ಬಟ್ಟಲಿನಾಕಾರದ ಸ್ಪ್ರಿಂಗ್ ವಾಷರ್ ಇರಲಿ. ಇಲ್ಲದಿದ್ದರೆ ಬಿಸಿಯಾದಾಗ ಲೋಹ ಹಿಗ್ಗಿ ಮಾಡ್ಯೂಲು ನಲುಗುತ್ತದೆ, ತಣಿದಾಗ ಸಡಿಲವಾಗುತ್ತದೆ. ಒಮ್ಮೆ ಬಿಸಿ ಮಾಡಿ ತಣಿಸಿದ ಮೇಲೆ ಪೇಸ್ಟು ಇನ್ನಷ್ಟು ಹರಡಿರುತ್ತದೆ. ಆಗ ಮತ್ತೊಂದು ಸಲ ಬಿಗಿ ನೋಡುವುದನ್ನು ಮರೆಯಬೇಡಿ, ಅಷ್ಟರಿಂದಲೇ ವೋಲ್ಟೇಜ್ ಏರುವುದುಂಟು.

ಬೋಲ್ಟೂ ಲೋಹವೇ. ಬಿಸಿ ಕಡೆಯಿಂದ ತಂಪು ಕಡೆಗೆ ಅದು ಶಾಖಕ್ಕೆ ಕಳ್ಳದಾರಿ. ನಟ್ಟಿನ ಕೆಳಗೆ ಬೇಕಲೈಟ್ ಅಥವಾ ಫೈಬರ್ ವಾಷರ್ ಹಾಕಿ, ಸಾಧ್ಯವಿದ್ದರೆ ಸ್ಟೇನ್‌ಲೆಸ್ ಬೋಲ್ಟ್ ಬಳಸಿ, ಸಾದಾ ಉಕ್ಕಿಗಿಂತ ಅದು ಶಾಖವನ್ನು ಕಡಿಮೆ ಒಯ್ಯುತ್ತದೆ. ಮಾಡ್ಯೂಲುಗಳ ನಡುವಿನ ಖಾಲಿ ಜಾಗದಲ್ಲಿ ಒಂದು ಬ್ಲಾಕು ಇನ್ನೊಂದನ್ನು ಎಲ್ಲೂ ಮುಟ್ಟದಂತೆ ನೋಡಿಕೊಳ್ಳಿ.

ಒಂದು ಮಳೆಗಾಲ ಕಳೆದ ಮೇಲೆ ಕಾಣುವ ದೋಷವೊಂದಿದೆ. ಬಾಯ್ಲರು ತಾಮ್ರದ್ದು, ಬಿಸಿ ಕಡೆಯ ಬ್ಲಾಕು ಅಲ್ಯುಮಿನಿಯಂ. ನೀರಿನಲ್ಲಿ ಕರಗಿ ಬರುವ ತಾಮ್ರ ಅಲ್ಯುಮಿನಿಯಂ ಮೇಲೆ ಕೂತು ಅದನ್ನು ತಿನ್ನುತ್ತದೆ. ಒಳಗೆ ಬಿಳಿ ಗಸಿ ಕಟ್ಟಿ ಹರಿವು ಕಡಿಮೆಯಾಗುತ್ತದೆ, ಕೊನೆಗೆ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಮಾಡ್ಯೂಲಿನ ಮೇಲೆ ಜಿನುಗುತ್ತದೆ. ಬಿಸಿ ಕಡೆಗೆ ತಾಮ್ರದ ಬ್ಲಾಕೇ ಆಗಬೇಕು. ತಂಪು ಕಡೆ ಪ್ಲಾಸ್ಟಿಕ್ ಪೈಪಿನಲ್ಲಿ ಬರುವ ಅಬ್ಬಿ ನೀರಿಗೆ ಅಲ್ಯುಮಿನಿಯಂ ನಡೆಯುತ್ತದೆ.

ವೋಲ್ಟೇಜ್ ಸರಿ, ಒಳರೋಧ ಹೆಚ್ಚು

ಇದು ಚಿಕ್ಕ ಅಧ್ಯಾಯ. ಒಂದೊಂದು ಮಾಡ್ಯೂಲಿಗೂ ಪ್ರತ್ಯೇಕವಾಗಿ, 2.2 ಓಮಿನ ರೆಸಿಸ್ಟರ್ ಬಳಸಿ ಲೋಡಿನ ಪರೀಕ್ಷೆ ಮಾಡಿ. ಐದು ಮಾಡ್ಯೂಲು ಎರಡರ ಸುತ್ತಲಿದ್ದು ಒಂದು ಮಾತ್ರ ನಾಲ್ಕೈದು ಓಮ್ ತೋರಿಸಿದರೆ ಅದರ ಒಳಗೆ ಯಾವುದೋ ಕಾಲು (ಅರೆವಾಹಕ ಜೋಡಿಯ ಎರಡು ತುಂಡುಗಳಲ್ಲಿ ಒಂದು) ಬಿರುಕು ಬಿಟ್ಟಿದೆ. 254 ಕಾಲುಗಳು ಒಂದರ ಹಿಂದೊಂದು ಸರಣಿಯಲ್ಲಿರುವುದರಿಂದ ಒಂದರ ಬಿರುಕು ಇಡೀ ಸಾಲಿಗೆ ತಡೆ. ದಿನಾ ಬಿಸಿಯಾಗಿ ತಣಿಯುವ ಯಂತ್ರದಲ್ಲಿ ಇದು ಮುಪ್ಪಿನ ಲಕ್ಷಣ, ರಿಪೇರಿ ಇಲ್ಲ. ಹೊಗೆಕೊಳವೆಗೋ ಒಲೆಯ ಬಾಯಿಗೋ ನೇರವಾಗಿ ಕಟ್ಟಿದವರಲ್ಲಿ ಕಾರಣ ಬೇರೆಯಿರುತ್ತದೆ. ತಂಪು ಮಾಡಲು ಮಾರುವ ಮಾಡ್ಯೂಲುಗಳಲ್ಲಿ ಬಹಳಷ್ಟಕ್ಕೆ 138 ಡಿಗ್ರಿಗೆ ಕರಗುವ ಬೆಸುಗೆ ಇರುತ್ತದೆ. ಬಿಸಿನೀರು ನೂರನ್ನು ದಾಟದು, ಬೆಂಕಿಗೆ ಆ ಹಂಗಿಲ್ಲ.

ವೈರಿನ ರೋಧವನ್ನು ಸರಣಿಯಲ್ಲಿ ಹೆಚ್ಚು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಬಚ್ಚಲಿನಿಂದ ಜಗಲಿಗೆ ಹತ್ತು ಮೀಟರ್, ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರು, ಹೋಗಿ ಬರಲು 0.7 ಓಮ್. 13ರ ಮುಂದೆ ಅದು ಏನೂ ಅಲ್ಲ. ಆದರೆ ಆರನ್ನೂ ಸಮಾಂತರವಾಗಿ ಜೋಡಿಸಿದ್ದರೆ ಒಳರೋಧವೇ 0.4 ಓಮಿಗಿಂತ ಕಡಿಮೆ, ಅದರ ಮುಂದೆ ಅದೇ 0.7 ರಾಕ್ಷಸ. ಹುಟ್ಟಿದ್ದರ ಬಹುಪಾಲು ವೈರಿನಲ್ಲೇ ಹೋಗುತ್ತದೆ. ಎರಡು ವೋಲ್ಟಿನ ಸಾಲಿಗೆ 0.7 ವೋಲ್ಟ್ ನುಂಗುವ ಸಿಲಿಕಾನ್ ಡಯೋಡನ್ನೂ ಹಾಕಿದವರಿಗೆ ಹೇಳುವುದೇನೂ ಇಲ್ಲ.

ಎರಡೂ ಸರಿ, ಬ್ಯಾಟರಿ ಮಾತ್ರ ತುಂಬುವುದಿಲ್ಲ

ಈಗ ಕನ್ವರ್ಟರಿನ ಒಳಬರುವ ತುದಿಯಲ್ಲಿ, ಅದು ಕೆಲಸ ಮಾಡುತ್ತಿರುವಾಗ, ವೋಲ್ಟೇಜ್ ಓದಿ. ಇದೊಂದೇ ಅಂಕಿ ಬಹಳ ಹೇಳುತ್ತದೆ. ಖಾಲಿ ವೋಲ್ಟೇಜಿನ ಅರ್ಧದ ಹತ್ತಿರವಿದ್ದರೆ ಚೆನ್ನ.

ಹನ್ನೊಂದೂವರೆಯೋ ಹನ್ನೆರಡೋ ತೋರಿಸಿದರೆ ಕನ್ವರ್ಟರ್ ಏನನ್ನೂ ಎಳೆಯುತ್ತಿಲ್ಲ. ಸೋಲಾರ್ ಹಲಗೆಗೆಂದು ಮಾಡಿದ ಚಾರ್ಜರುಗಳಲ್ಲಿ ಇದು ಸಾಮಾನ್ಯ. ಸೋಲಾರ್ ಹಲಗೆ ತನ್ನ ಖಾಲಿ ವೋಲ್ಟೇಜಿನ ಶೇಕಡ 80ರ ಸುತ್ತ ಗರಿಷ್ಠ ಶಕ್ತಿ ಕೊಡುತ್ತದೆ, ನಮ್ಮ ಮಾಡ್ಯೂಲು ಶೇಕಡ 50ರಲ್ಲಿ. ಸಿಎನ್3791 ಚಿಪ್ಪಿನ ಸಣ್ಣ ಬೋರ್ಡುಗಳು 6, 9, 12 ವೋಲ್ಟಿನ ಆವೃತ್ತಿಗಳಲ್ಲಿ ಸಿಗುತ್ತವೆ. ಒಳಬರುವ ವೋಲ್ಟೇಜ್ ಆ ಅಂಕಿಗಿಂತ ಕೆಳಗಿಳಿಯದಂತೆ ಅದು ಪ್ರವಾಹವನ್ನು ಹಿಡಿದಿಡುತ್ತದೆ. ಮೀಟರಿನಲ್ಲಿ 12 ಕಂಡು 12ರ ಬೋರ್ಡು ತಂದವರ ಬ್ಯಾಟರಿ ಎಂದೂ ತುಂಬುವುದಿಲ್ಲ. ಬೇಕಾದದ್ದು 6ರ ಬೋರ್ಡು.

ಅಂಕಿ ಮೇಲೆ ಕೆಳಗೆ ಜೋಕಾಲಿ ಆಡುತ್ತಿದ್ದರೆ ಕನ್ವರ್ಟರ್ ಮಿತಿಮೀರಿ ಎಳೆಯುತ್ತಿದೆ: ಎಳೆದಾಗ ವೋಲ್ಟೇಜ್ ಕುಸಿದು ಅದು ಆರಿಹೋಗುತ್ತದೆ, ಆರಿದೊಡನೆ ವೋಲ್ಟೇಜ್ ಏರಿ ಮತ್ತೆ ಎದ್ದು ಕೂರುತ್ತದೆ. ದೀಪ ಮಿಣುಕುವುದು ಇದರಿಂದಲೇ. ಒಂದು ಆಂಪಿಯರ್ ಎಳೆಯುವಂತೆ ಬರುವ, ಬ್ಯಾಟರಿ ತುಂಬಿಸುವ ಟಿಪಿ4056 ಚಿಪ್ಪಿನ ಬೋರ್ಡುಗಳನ್ನು ಇಲ್ಲಿ ಹಾಕಲೇಬೇಡಿ. ಹಸಿದ ಬ್ಯಾಟರಿಗೆ ಅವು ಯಂತ್ರವನ್ನು ಕುಸಿಯುವವರೆಗೆ ಹಿಂಡುತ್ತವೆ. ಬ್ಯಾಟರಿ ತುಂಬಿ ಎಳೆತ ನಿಂತಾಗ ಒಳಬರುವ ವೋಲ್ಟೇಜ್ 12ಕ್ಕೆ ಜಿಗಿಯುತ್ತದೆ, ಆ ಚಿಪ್ಪಿನ ತಾಳಿಕೆ 8 ವೋಲ್ಟ್ ಮಾತ್ರ. ಸುಟ್ಟ ವಾಸನೆ ಬರುವುದು ಯಾವಾಗಲೂ ಎಲ್ಲ ಸರಿಯಾಗಿ ನಡೆದ ರಾತ್ರಿ.

ತೇವ, ಮತ್ತು ಮಾಡ್ಯೂಲು ಬದಲಿಸುವುದು

ಬಚ್ಚಲಿನ ಆವಿ ತಂಪು ಬ್ಲಾಕಿನ ಮೇಲೆ ಹನಿಗಟ್ಟುತ್ತದೆ. ಅಂಚು ಮುಚ್ಚದ ಮಾಡ್ಯೂಲಿನೊಳಗೆ ಆ ತೇವ ಸೇರಿದರೆ ಕಾಲುಗಳ ನಡುವಿನ ತಾಮ್ರ ಹಸಿರುಗಟ್ಟಿ ಒಳರೋಧ ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಏರುತ್ತದೆ. ಕೊಳ್ಳುವಾಗಲೇ ಸುತ್ತ ಬಿಳಿ ಸಿಲಿಕೋನ್ ತುಂಬಿದ್ದನ್ನು ಆರಿಸಿ. ಇಲ್ಲದಿದ್ದರೆ ಅಂಚಿಗೆ ನೀವೇ ಸಿಲಿಕೋನ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಮುಖಗಳ ಮೇಲೆ ಒಂದಿಷ್ಟೂ ತಾಗಬಾರದು. ಒದ್ದೆಯಾದದ್ದನ್ನು ಬಿಸಿಲಲ್ಲಿಟ್ಟು ಒಣಗಿಸಿ ಒಳರೋಧ ನೋಡಿ, ಹಳೆಯ ಅಂಕಿಗೆ ಮರಳದಿದ್ದರೆ ತೆಗೆದುಹಾಕಿ.

ಬದಲಿಗೆ ತರುವಾಗ ಅದೇ 12706 ತನ್ನಿ. ಅಂಗಡಿಯಲ್ಲಿ ಅದಿಲ್ಲವೆಂದು 12710 ಕೊಟ್ಟರೆ ಬೇಡವೆನ್ನಿ. ವೋಲ್ಟೇಜ್ ಡಿಗ್ರಿಗೆ ಅಷ್ಟೇ ಬರುತ್ತದೆ, ಒಳರೋಧವೂ ಕಡಿಮೆ, ಕೇಳಲು ಚೆನ್ನಾಗಿದೆ. ಆದರೆ 12706ರ ದಪ್ಪ 3.8 ಮಿಲಿಮೀಟರಿನಷ್ಟು, 12710ರದು 3.3ರಷ್ಟು. ಒಂದೇ ಬ್ಲಾಕಿನ ಕೆಳಗೆ ಎರಡನ್ನೂ ಇಟ್ಟರೆ ತೆಳ್ಳನೆಯದಕ್ಕೆ ಬ್ಲಾಕು ತಾಗುವುದೇ ಇಲ್ಲ, ಪಕ್ಕದ್ದರ ಮೂಲೆ ಸಿಡಿಯುತ್ತದೆ. ಒಂದೇ ಸಂಖ್ಯೆಯವುಗಳಲ್ಲೂ ತಯಾರಿಯ ವ್ಯತ್ಯಾಸ ಇರುತ್ತದೆ. ವರ್ನಿಯರ್ ಕ್ಯಾಲಿಪರಿನಿಂದ ನಾಲ್ಕೂ ಮೂಲೆಗಳ ದಪ್ಪ ಅಳೆದು, ಒಂದು ಬ್ಲಾಕಿನ ಕೆಳಗೆ ಬರುವವುಗಳ ನಡುವೆ 0.05 ಮಿಲಿಮೀಟರಿಗಿಂತ ಹೆಚ್ಚು ಅಂತರ ಇಲ್ಲದಂತೆ ಆರಿಸಿ ಜೋಡಿಸಿ.